ಬೆಂಜಮಿನ್ ಫ್ರಾಂಕ್ಲಿನ್ನನ ಮುಪ್ಪು

ಓದುವ ಕನ್ನಡಕಕ್ಕೆ ನಮ್ಮ ಉತ್ತರದ ಸೀಮೆಯಲ್ಲಿ ಚಾಳೀಸು ಎಂಬ ಹೆಸರುಂಟು. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು. ಉರ್ದುವಿನಲ್ಲಿ ಅದೇ ಚಾಲೀಸ್. ನಮ್ಮ ಹಿರಿಯರು ಆ ಸಂಖ್ಯೆಯನ್ನು ಕಣ್ಣಿನ ಒಂದು ಅವಸ್ಥೆಗೆ ಹೆಸರಾಗಿ ಇಟ್ಟುಕೊಂಡರು. ನಲವತ್ತು ತುಂಬಿದವನಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಪುಸ್ತಕವನ್ನು ಕೈಯಳತೆಯಷ್ಟು ದೂರ ಹಿಡಿಯಬೇಕಾಗುತ್ತದೆ. ಆಗ ಅವನಿಗೆ ಚಾಳೀಸು ಬಂದಿತೆಂದು ಮನೆಯವರು ನಗುತ್ತಾರೆ. ಔರಾದ ತಾಲೂಕಿನ ಎಕಂಬಾದಂಥ ಗಡಿಯ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುವುದರಿಂದ ಈ ಶಬ್ದದ ಹುಟ್ಟನ್ನು ತಿಳಿಯಲು ನಿಘಂಟಿನ ಅಗತ್ಯವಿಲ್ಲ. ಮುಪ್ಪಿನ ಮೊದಲ ಓಲೆಕಾರ ಈ ಚಾಳೀಸು. ಆ ಓಲೆಯನ್ನು ನಾನೂ ಈಗಾಗಲೇ ಪಡೆದಿರುವುದರಿಂದ, ಅದಕ್ಕೆ ಜಾಣತನದ ಉತ್ತರವನ್ನು ಕೊಟ್ಟ ಒಬ್ಬ ಮಹನೀಯನ ಜೀವನವನ್ನು ವಾಚಕರ ಮುಂದೆ ಇಡಬೇಕೆನಿಸಿತು.

ನಮ್ಮ ಸಾಹಿತ್ಯಕ್ಕೆ ಮುಪ್ಪು ಅಪರಿಚಿತ ವಸ್ತುವಲ್ಲ. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿಯೇ ಬಾಳಿದ ಬಸವಣ್ಣನವರು ನರೆ, ಸುಕ್ಕು, ಬಾಗಿದ ಬೆನ್ನು, ಊರುಗೋಲುಗಳನ್ನು ವಚನದಲ್ಲಿ ಹೆಸರಿಸಿ, ಅವು ಬರುವ ಮೊದಲೇ ದೇವರತ್ತ ತಿರುಗೆಂದು ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ಎಂದಿಗೂ ಸಲ್ಲುವಂಥದು. ಆದರೆ ಊರುಗೋಲು ಕೈಗೆ ಬಂದ ಮೇಲೂ ಮನುಷ್ಯನಿಗೆ ಇನ್ನು ಹತ್ತಿಪ್ಪತ್ತು ವರ್ಷಗಳ ಬಾಳು ಉಳಿದಿರಬಹುದು. ಆ ವರ್ಷಗಳಲ್ಲಿ ಓದುವುದು, ಎದ್ದು ಕೂಡುವುದು, ನಾಲ್ವರೊಡನೆ ಮಾತನಾಡುವುದು ಹೇಗೆ? ಈ ಸಣ್ಣ ಪ್ರಶ್ನೆಯನ್ನು ದೊಡ್ಡ ಪ್ರಶ್ನೆಯೆಂದು ತಿಳಿದು ಉಳಿ, ಕತ್ತರಿ, ಹುರಿಗಳನ್ನು ಹಿಡಿದು ಕುಳಿತವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಹಾರಿಸಿ ಸಿಡಿಲನ್ನು ಪರೀಕ್ಷಿಸಿದ ವಿಜ್ಞಾನಿಯೆಂದು ನಮ್ಮ ವಿದ್ಯಾರ್ಥಿಗಳು ಆತನನ್ನು ಬಲ್ಲರು. ಮುದಿತನಕ್ಕೂ ದೇಹದ ದೌರ್ಬಲ್ಯಕ್ಕೂ ಉಪಕರಣಗಳನ್ನು ಹುಡುಕಿದ ಫ್ರಾಂಕ್ಲಿನ್ನನನ್ನು ಬಲ್ಲವರು ಕಡಿಮೆ.

ಆತನು ಹುಟ್ಟಿದುದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಜೋಸಯ ಮೇಣದಬತ್ತಿ, ಸಾಬೂನುಗಳನ್ನು ಮಾಡುತ್ತಿದ್ದ ಬಡ ಕಸುಬುದಾರ. ಅವನ ಹದಿನೇಳು ಮಕ್ಕಳಲ್ಲಿ ಬೆಂಜಮಿನ್ ಹದಿನೈದನೆಯವನು. ಶಾಲೆಯ ಓದು ಎರಡು ವರ್ಷಕ್ಕೆ ಮುಗಿಯಿತು. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸಲು ನಿಂತನು. ಈಜುವುದು ಆ ಹುಡುಗನ ಪ್ರಾಣ. ಇನ್ನೂ ವೇಗವಾಗಿ ಈಜಬೇಕೆಂದು ಅಂಡಾಕಾರದ ಎರಡು ಹಲಗೆಗಳನ್ನು ಕೆತ್ತಿ, ಹೆಬ್ಬೆರಳಿಗೆ ತೂತು ಕೊರೆದು, ಅಂಗೈಗಳಲ್ಲಿ ಹಿಡಿದು ನೀರಿಗಿಳಿದನು. ವೇಗ ಹೆಚ್ಚಿತು, ಮಣಿಕಟ್ಟುಗಳು ದಣಿದವು. ಮನುಷ್ಯನ ಅಂಗ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮರದ ತುಂಡೊಂದು ಮುಂದುವರಿಯಬಹುದು, ಆದರೆ ಆ ತುಂಡಿನ ಭಾರವನ್ನೂ ಅಂಗವೇ ಹೊರಬೇಕು. ಈ ಪಾಠ ಆತನಿಗೆ ಬಾಲ್ಯದಲ್ಲಿಯೇ ದೊರಕಿತು.

ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಮುದ್ರಣಾಲಯ ಸೇರಿದನು. ಅಲ್ಲಿನ ಬಿಗಿಯನ್ನು ತಾಳಲಾರದೆ 1723ರಲ್ಲಿ, ಹದಿನೇಳನೆಯ ವಯಸ್ಸಿಗೆ, ಓಡಿಹೋಗಿ ಫಿಲಡೆಲ್ಫಿಯ ಮುಟ್ಟಿದನು. ಮುಂದಿನ ಕಾಲು ಶತಮಾನದ ಕಥೆ ಪ್ರಸಿದ್ಧವಾದುದು. 1729ರಲ್ಲಿ ಪತ್ರಿಕೆಯನ್ನು ಕೈಗೆ ತೆಗೆದುಕೊಂಡನು. 1731ರಲ್ಲಿ ಚಂದಾದಾರರ ಗ್ರಂಥಾಲಯ ಕಟ್ಟಿದನು. 1732ರಿಂದ ಪಂಚಾಂಗ ಹೊರಡಿಸಿ ಹಣ ಮಾಡಿದನು. 1751ರಲ್ಲಿ ವೈದ್ಯ ಥಾಮಸ್ ಬಾಂಡ್‌ನೊಡನೆ ಕೂಡಿ ಬಡ ರೋಗಿಗಳಿಗಾಗಿ ಆಸ್ಪತ್ರೆಯನ್ನು ಎಬ್ಬಿಸಿದನು. 1748ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅಂದರೆ ನಮ್ಮ ಲೆಕ್ಕದ ಚಾಳೀಸಿನ ಹೊತ್ತಿಗೆ, ಮುದ್ರಣದ ವ್ಯಾಪಾರದಿಂದ ನಿವೃತ್ತನಾದನು. ಆತನು ರಚಿಸಿದ ಕಬ್ಬಿಣದ ಒಲೆಗೆ ಪೆನ್ಸಿಲ್ವೇನಿಯದ ಗವರ್ನರನು ಏಕಸ್ವಾಮ್ಯದ ಹಕ್ಕುಪತ್ರ ಕೊಡಲು ಬಂದಾಗ ಅದನ್ನು ನಿರಾಕರಿಸಿದನು. ಇತರರ ಶೋಧಗಳಿಂದ ನಾವು ಸುಖಪಡುತ್ತಿರುವಾಗ ನಮ್ಮ ಶೋಧವನ್ನೂ ಇತರರಿಗೆ ಉದಾರವಾಗಿ ಕೊಡಬೇಕೆಂಬುದು ಆತನ ನಿಲುವು. ಮುಂದೆ ಹೇಳಲಿರುವ ಉಪಕರಣಗಳಲ್ಲಿ ಯಾವುದರ ಮೇಲೆಯೂ ಆತನು ಹಕ್ಕು ಹೂಡಲಿಲ್ಲ.

1752ರಲ್ಲಿ ಬಾಸ್ಟನ್ನಿನಲ್ಲಿದ್ದ ಅಣ್ಣ ಜಾನ್ ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದನು. ಮೂತ್ರ ಹೊರತೆಗೆಯಲು ಅಂದಿನ ವೈದ್ಯರು ಬಳಸುತ್ತಿದ್ದುದು ಬಗ್ಗದ ಲೋಹದ ನಳಿಕೆ. ಅದನ್ನು ಪ್ರತಿ ಸಲ ಒಳಗಿಡುವುದು ರೋಗಕ್ಕಿಂತ ದೊಡ್ಡ ಶಿಕ್ಷೆ. ಅಣ್ಣನ ಕಾಗದ ಬಂದ ಮೇಲೆ ಫ್ರಾಂಕ್ಲಿನ್ ಬಳುಕುವ ನಳಿಕೆಯೊಂದನ್ನು ಯೋಚಿಸಿ, ತಡಮಾಡದೆ ಬೆಳ್ಳಿಗೆಲಸದವನ ಅಂಗಡಿಗೆ ಹೋದನು. ಬೆಳ್ಳಿಯ ತಂತಿಯನ್ನು ಸುರುಳಿ ಸುತ್ತಿಸಿ, ಕೆಲಸ ಮುಗಿಯುವವರೆಗೂ ಅವನ ಪಕ್ಕದಲ್ಲಿಯೇ ಕುಳಿತು ಹೇಳಿಕೊಟ್ಟು, ಡಿಸೆಂಬರಿನಲ್ಲಿ ಬಳಸುವ ವಿಧಾನದ ವಿವರಣೆಯೊಂದಿಗೆ ಕಳುಹಿಸಿಕೊಟ್ಟನು. ಕರಿಯ ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ಬಿದರಿಯ ಕುಶಲಿಗಳನ್ನು ನೋಡಿದವರಿಗೆ ಆ ದೃಶ್ಯವನ್ನು ಊಹಿಸುವುದು ಕಷ್ಟವಲ್ಲ. ಬೆಳ್ಳಿಯ ತಂತಿಯನ್ನು ಬಳುಕಿಸಲು ಬಲ್ಲವನು ಕುಶಲಿ. ರೋಗಿಗೆ ಎಲ್ಲಿ ನೋಯುತ್ತದೆ ಎಂದು ಬಲ್ಲವನು ತಮ್ಮ. ಇಬ್ಬರೂ ಒಂದೇ ಮಣೆಯ ಮುಂದೆ ಕುಳಿತುದರಿಂದ ಆ ನಳಿಕೆ ಹುಟ್ಟಿತು. ವಿಜ್ಞಾನಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು, ಬೆಳ್ಳಿಗೆಲಸದವನ ಹೆಸರು ಅಳಿಯಿತು ಎಂಬುದನ್ನೂ ಇಲ್ಲಿಯೇ ನೆನೆಯಬೇಕು.

ಅದೇ ವರ್ಷದ ಗಾಳಿಪಟದ ಪ್ರಯೋಗದಿಂದ ಆತನ ಕೀರ್ತಿ ಯೂರೋಪಿಗೆ ಹಬ್ಬಿತು; 1753ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನು ಕೊಟ್ಟಿತು. ವಿದ್ಯುತ್ತು ಪಾರ್ಶ್ವವಾಯುವನ್ನು ಗುಣಪಡಿಸುತ್ತದೆಂಬ ಸುದ್ದಿ ಆಗ ಇಟಲಿ, ಜರ್ಮನಿಗಳಿಂದ ಹರಡುತ್ತಿತ್ತು. ಕೈಕಾಲು ಬಿದ್ದುಹೋದವರನ್ನು ಬಂಧುಗಳು ಪೆನ್ಸಿಲ್ವೇನಿಯದ ಮೂಲೆಮೂಲೆಗಳಿಂದ ಫ್ರಾಂಕ್ಲಿನ್ನನ ಮನೆಗೆ ಕರೆತಂದರು. ದೊಡ್ಡ ಗಾಜಿನ ಜಾಡಿಗಳಲ್ಲಿ ವಿದ್ಯುತ್ತನ್ನು ತುಂಬಿ, ಬಿದ್ದ ಅಂಗಕ್ಕೆ ದಿನಕ್ಕೆ ಮೂರು ಸಲ ಹಾಯಿಸಿದನು. ಮೊದಮೊದಲು ಅಂಗದಲ್ಲಿ ಬಿಸಿ ಕಾಣಿಸಿಕೊಂಡಿತು. ಕೆಲವರು ಕೈಯನ್ನು ಹಿಂದಿಗಿಂತ ಸ್ವಲ್ಪ ಮೇಲಕ್ಕೆತ್ತಿದರು. ಮನೆಗಳಲ್ಲಿ ಆಸೆ ಚಿಗುರಿತು. ಐದನೆಯ ದಿನ ದಾಟಿದ ಮೇಲೆ ಮುನ್ನಡೆ ಕಾಣಲಿಲ್ಲ. ರೋಗಿಗಳು ನಿರಾಶರಾಗಿ ಊರಿಗೆ ಮರಳಿದರು. ಕೆಲಕಾಲದಲ್ಲಿ ಅಂಗಗಳು ಮೊದಲಿನಂತೆಯೇ ಆದವು.

1757ರಲ್ಲಿ ವೈದ್ಯ ಜಾನ್ ಪ್ರಿಂಗಲ್‌ಗೆ ಈ ವೃತ್ತಾಂತವನ್ನು ಬರೆದಾಗ ಫ್ರಾಂಕ್ಲಿನ್ ಯಾವುದನ್ನೂ ಮುಚ್ಚಲಿಲ್ಲ. ಶಾಶ್ವತವಾದ ಲಾಭವನ್ನು ತಾನು ಕಂಡಿಲ್ಲವೆಂದು ಹೇಳಿದನು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲ ದಿನಗಳ ಚೇತರಿಕೆಗೆ ವಿದ್ಯುತ್ತು ಕಾರಣವೋ, ದಿನವೂ ತನ್ನ ಮನೆಯವರೆಗೆ ಬಂದು ಹೋಗುವ ಓಡಾಟ ಕಾರಣವೋ, ಗುಣವಾಗುವೆನೆಂಬ ಆಸೆ ಕೊಟ್ಟ ಹುರುಪು ಕಾರಣವೋ ತಿಳಿಯದೆಂದು ಒಪ್ಪಿದನು. ವಿದ್ಯುತ್ತಿನ ವಿಷಯದಲ್ಲಿ ಜಗತ್ತೇ ಆತನ ಮಾತನ್ನು ನಂಬುತ್ತಿದ್ದ ಕಾಲ ಅದು. ಸುಳ್ಳೂ ಬೇಕಿರಲಿಲ್ಲ, ಸುಮ್ಮನಿದ್ದರೂ ಸಾಕಾಗಿತ್ತು, ಸಾವಿರಾರು ಮನೆಗಳು ಆ ಜಾಡಿಗಳಿಗೆ ಹಣ ಸುರಿಯುತ್ತಿದ್ದವು. ನನ್ನ ಮಟ್ಟಿಗೆ ಗಾಳಿಪಟದ ಧೈರ್ಯಕ್ಕಿಂತ ಈ ಪತ್ರದ ಧೈರ್ಯ ದೊಡ್ಡದು. ನಿಶ್ಶಕ್ತರಾದ ಹಿರಿಯರ ಮುಂದೆ ಹೊಸ ಯಂತ್ರವನ್ನು ತಂದು ನಿಲ್ಲಿಸುವವರೆಲ್ಲ ಮೊದಲು ಓದಬೇಕಾದ ಪತ್ರವದು.

ಇದೇ ಮನುಷ್ಯನ ಬಾಳಿನ ಕತ್ತಲ ಮಗ್ಗುಲು ಇನ್ನು ಬರುತ್ತದೆ. 1730ರಲ್ಲಿ ಆತನ ಕೈಹಿಡಿದ ಡೆಬೋರ ಹೆಚ್ಚು ಓದಿದವಳಲ್ಲ; ಅಂಗಡಿ, ಅಂಚೆ, ಮನೆ ಮೂರನ್ನೂ ನಿಭಾಯಿಸಿದ ಗಟ್ಟಿ ಹೆಂಗಸು. ಕಡಲ ಪ್ರಯಾಣವೆಂದರೆ ಆಕೆಗೆ ಭಯ. 1757ರಲ್ಲಿ ಗಂಡ ವಸಾಹತಿನ ಕೆಲಸಕ್ಕಾಗಿ ಲಂಡನ್ನಿಗೆ ಹೋದಾಗ ಆಕೆ ಊರಲ್ಲಿಯೇ ಉಳಿದಳು. 1762ರಲ್ಲಿ ಹಿಂದಿರುಗಿದವನು 1764ರಲ್ಲಿ ಮತ್ತೆ ಹೊರಟನು. 1765ರ ಗಲಭೆಯಲ್ಲಿ ಜನ ಮನೆಗೆ ನುಗ್ಗುವರೆಂದಾಗ ಆಕೆ ಬಂದೂಕು ತರಿಸಿ ಮನೆ ಕಾದಳು. 1769ರ ಸುಮಾರಿಗೆ ಆಕೆಗೆ ಪಾರ್ಶ್ವವಾಯು ಬಡಿಯಿತು. ನಾಲಿಗೆ ತೊದಲಿತು, ನೆನಪು ಕುಂದಿತು. ವೈದ್ಯ ಬಾಂಡನೇ ಲಂಡನ್ನಿಗೆ ವಿಷಯ ತಿಳಿಸಿದನು. ಫ್ರಾಂಕ್ಲಿನ್ ಔಷಧದ ವಿಚಾರ ಕೇಳಿ ಬರೆದನು, ಉಡುಗೊರೆ ಕಳುಹಿಸಿದನು, ಮುಂದಿನ ವರ್ಷ ಬರುವೆನೆಂದು ವರ್ಷವರ್ಷವೂ ಬರೆದನು. ಬರಲಿಲ್ಲ. 1774ರ ಡಿಸೆಂಬರಿನಲ್ಲಿ ಡೆಬೋರ ತೀರಿಕೊಂಡಳು. ಆತನು ಊರು ಮುಟ್ಟಿದುದು 1775ರ ಮೇ ತಿಂಗಳಲ್ಲಿ. ಪಾರ್ಶ್ವವಾಯು ಹಿಡಿದ ಅಪರಿಚಿತರಿಗೆ ಮನೆಯ ಬಾಗಿಲು ತೆರೆದವನು ತನ್ನ ಹೆಂಡತಿಯ ಹಾಸಿಗೆಯ ಬಳಿ ಒಂದು ದಿನವೂ ಕುಳಿತಿರಲಿಲ್ಲ. ರಾಜಕಾರ್ಯದ ನೆಪವೊಡ್ಡಿ ಜೀವನಚರಿತ್ರಕಾರರು ಇದನ್ನು ಬೇಗ ದಾಟುತ್ತಾರೆ. ನನಗೆ ದಾಟಲು ಮನಸ್ಸು ಬಾರದು. ಇಂದು ನಮ್ಮ ಹಳ್ಳಿಗಳಿಂದ ಹೈದರಾಬಾದು, ಪುಣೆ, ಬೆಂಗಳೂರುಗಳಿಗೆ ದುಡಿಯಲು ಹೋದ ಮಕ್ಕಳು ಮರೆವು ಹಿಡಿದ ತಾಯಿಗೆ ಹಣವನ್ನೂ ಔಷಧವನ್ನೂ ತಪ್ಪದೆ ಕಳುಹಿಸುತ್ತಾರೆ. ಮುಂದಿನ ಹಬ್ಬಕ್ಕೆ ಬರುವೆವೆನ್ನುತ್ತಾರೆ. ಡೆಬೋರಳ ಕಥೆ ಅಷ್ಟು ದೂರದ್ದಲ್ಲ.

1776ರ ಕೊನೆಗೆ ಅಮೆರಿಕದ ರಾಯಭಾರಿಯಾಗಿ ಫ್ರಾನ್ಸಿಗೆ ಹೋದಾಗ ಆತನಿಗೆ ಎಪ್ಪತ್ತು ದಾಟಿತ್ತು. ಪ್ಯಾರಿಸ್ಸಿನ ಹೊರಗಿನ ಪಾಸಿ ಗ್ರಾಮದಲ್ಲಿ ನೆಲೆಸಿದನು. ಅಲ್ಲಿ ಗೌಟ್ ಎಂಬ ಸಂಧಿವಾತ ಪಾದಗಳನ್ನು ಹಿಡಿಯಿತು. 1780ರಲ್ಲಿ ನೋವಿನ ನಡುವೆಯೇ, ಆ ರೋಗವೇ ಎದುರು ಕುಳಿತು ತನ್ನ ಅತಿಯೂಟವನ್ನೂ ನಡೆಯದೆ ಚದುರಂಗಕ್ಕೆ ಕೂಡುವ ಸೋಮಾರಿತನವನ್ನೂ ಬಯ್ಯುವಂತೆ ಒಂದು ವಿನೋದ ಸಂವಾದವನ್ನು ಬರೆದನು. ಎರಡು ವರ್ಷಗಳಲ್ಲಿ ಅಣ್ಣನನ್ನು ಕಾಡಿದ ಮೂತ್ರಕೋಶದ ಕಲ್ಲು ಆತನಿಗೂ ಬಂದಿತು. ಗಾಡಿಯ ಕುಲುಕಾಟ ಅಸಹ್ಯವಾಗಿ, ಓಡಾಟ ನಿಂತಿತು.

ಚಾಳೀಸಿನ ಶೋಧ ಈ ಕಾಲದ್ದು. ಆತನ ಬಳಿ ಎರಡು ಜೊತೆ ಕನ್ನಡಕಗಳಿದ್ದವು: ಓದಲು ಒಂದು, ದೂರ ನೋಡಲು ಇನ್ನೊಂದು. ಪ್ರಯಾಣದಲ್ಲಿ ಪುಸ್ತಕದಿಂದ ತಲೆಯೆತ್ತಿ ಹೊರಗಿನ ನೋಟ ನೋಡಬೇಕಾದರೆ ಒಂದನ್ನು ತೆಗೆದು ಇನ್ನೊಂದನ್ನು ಏರಿಸಬೇಕು. ಬೇಸತ್ತು, ಎರಡರ ಗಾಜುಗಳನ್ನೂ ಅಡ್ಡಲಾಗಿ ಕತ್ತರಿಸಿ, ದೂರದ ಅರ್ಧವನ್ನು ಮೇಲೆ, ಓದಿನ ಅರ್ಧವನ್ನು ಕೆಳಗೆ ಇಟ್ಟು ಒಂದೇ ಚೌಕಟ್ಟಿನಲ್ಲಿ ಕೂರಿಸಿಕೊಂಡನು. 1785ರ ಮೇ ತಿಂಗಳಲ್ಲಿ ಲಂಡನ್ನಿನ ಗೆಳೆಯ ಜಾರ್ಜ್ ವಾಟ್ಲಿಗೆ ಇದನ್ನು ಚಿತ್ರ ಸಹಿತ ವಿವರಿಸುತ್ತ, ಊಟದ ಮೇಜಿನಲ್ಲಿ ಅದರಿಂದಾದ ಉಪಕಾರವನ್ನು ತಿಳಿಸಿದನು. ತಟ್ಟೆಯಲ್ಲಿನ ಆಹಾರ ಕೆಳಗಿನ ಗಾಜಿನಲ್ಲಿ ಕಾಣುತ್ತದೆ. ಎದುರು ಕುಳಿತು ಮಾತನಾಡುವವರ ಮುಖ ಮೇಲಿನ ಗಾಜಿನಲ್ಲಿ ಕಾಣುತ್ತದೆ. ಪರಭಾಷೆಯ ಧ್ವನಿಗೆ ಕಿವಿ ಪಳಗಿಲ್ಲದಾಗ ತುಟಿ, ಮುಖಗಳ ಚಲನೆಯೇ ಅರ್ಥ ಹೇಳುತ್ತದೆ. ಹೀಗಾಗಿ ಕನ್ನಡಕದಿಂದಲೇ ತನಗೆ ಫ್ರೆಂಚ್ ಚೆನ್ನಾಗಿ ತಿಳಿಯುತ್ತದೆ ಎಂಬುದು ಅದರ ಸಾರ. ಆತನಿಗಿಂತ ಮೊದಲೇ ಯಾರಾದರೂ ಇದನ್ನು ಮಾಡಿದ್ದರೇ ಎಂದು ವಿದ್ವಾಂಸರು ವಾದಿಸುವುದುಂಟು. ಉಪಕರಣದ ನಿಜವಾದ ಉಪಯೋಗವನ್ನು ಆತನಷ್ಟು ಸೂಕ್ಷ್ಮವಾಗಿ ಕಂಡವರು ವಿರಳವೆಂಬುದರಲ್ಲಿ ವಾದವಿಲ್ಲ. ಕನ್ನಡಕ ಕಣ್ಣಿಗೆಂದು ಎಲ್ಲರೂ ಬಲ್ಲರು. ಅದು ಪಂಕ್ತಿಯಲ್ಲಿ ಕುಳಿತು ನಾಲ್ವರ ಮಾತಿನಲ್ಲಿ ಸೇರುವುದಕ್ಕೆಂದು ಆತನು ಕಂಡನು. ಮುದುಕರನ್ನು ಮೊದಲು ಒಂಟಿಯಾಗಿಸುವುದು ಈ ಮಾತು ತಪ್ಪುವಿಕೆಯೇ ಅಲ್ಲವೆ?

ಪಾಸಿಯಲ್ಲಿದ್ದಾಗಲೇ 1784ರಲ್ಲಿ ದೊರೆ ಹದಿನಾರನೆಯ ಲೂಯಿ ಆತನನ್ನು ಒಂದು ತನಿಖಾ ಮಂಡಲಿಗೆ ನೇಮಿಸಿದನು. ರಸಾಯನಶಾಸ್ತ್ರಜ್ಞ ಲವಾಸಿಯೆ ಅದರಲ್ಲಿದ್ದನು. ಮೆಸ್ಮರ್ ಎಂಬ ವೈದ್ಯನು ಪ್ರಾಣಿಕಾಂತ ಶಕ್ತಿಯಿಂದ ಸಕಲ ರೋಗಗಳನ್ನೂ ಗುಣಪಡಿಸುವೆನೆಂದು ಪ್ಯಾರಿಸ್ಸನ್ನು ಮರುಳುಗೊಳಿಸಿದ್ದನು. ಫ್ರಾಂಕ್ಲಿನ್ನನಿಗೆ ನಡೆಯಲಾಗದುದರಿಂದ ಕೆಲವು ಪರೀಕ್ಷೆಗಳು ಆತನ ತೋಟದಲ್ಲಿಯೇ ನಡೆದವು. ಮೆಸ್ಮರನ ಶಿಷ್ಯನು ಒಂದು ಮರಕ್ಕೆ ಶಕ್ತಿ ತುಂಬಿದನು. ಹುಡುಗನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಅವನು ಶಕ್ತಿ ತುಂಬದ ಮರದ ಬಳಿ ಮೂರ್ಛೆಹೋದನು. ಕಲ್ಪನೆಯೇ ಇಲ್ಲಿ ವೈದ್ಯನೆಂದು ಮಂಡಲಿ ತೀರ್ಮಾನಿಸಿತು. ಇಪ್ಪತ್ತೇಳು ವರ್ಷಗಳ ಹಿಂದೆ ತನ್ನ ಜಾಡಿಗಳ ಬಗ್ಗೆ ತಾನೇ ಎತ್ತಿದ ಸಂಶಯವನ್ನು ಮುದುಕನು ಮರೆತಿರಲಿಲ್ಲ.

1785ರ ಜುಲೈಯಲ್ಲಿ ತಾಯ್ನಾಡಿಗೆ ಹೊರಟಾಗ ರಾಣಿ ತನ್ನ ಹೇಸರಗತ್ತೆಗಳ ಡೋಲಿಯನ್ನು ಕಳುಹಿಸಿದಳು. ಅದರಲ್ಲಿ ಮಲಗಿ ಬಂದರು ಸೇರಿದನು. ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯ ಮುಟ್ಟಿದನು. ಮನೆಯ ಗ್ರಂಥಭಂಡಾರ ದೊಡ್ಡದಾಗಿತ್ತು. ಗೋಡೆಯುದ್ದಕ್ಕೂ ಎತ್ತರದ ಕಪಾಟುಗಳಿದ್ದವು. ಮುದುಕರು ಏಣಿ ಹತ್ತುವುದು ಅಪಾಯ, ತಲೆ ತಿರುಗುತ್ತದೆ, ಕೀಲುಗಳು ನಿಲ್ಲವು. ಒಂದೊಂದು ಪುಸ್ತಕಕ್ಕೂ ಏಣಿಯನ್ನು ಸರಿಸುವುದು ಬೇರೆ ತೊಂದರೆ ಎಂದು ಕಾರಣ ಕೊಟ್ಟು, 1786ರ ಆರಂಭದಲ್ಲಿ ಒಂದು ಉದ್ದನೆಯ ತೋಳನ್ನು ರಚಿಸಿದನು. ಎಂಟು ಅಡಿ ಉದ್ದದ ದೇವದಾರುವಿನ ಕೋಲು. ತುದಿಯಲ್ಲಿ ತೆಳುವಾದ ಮರದ ಪಟ್ಟಿಗಳಿಂದ ಮಾಡಿದ ಹೆಬ್ಬೆರಳು ಮತ್ತು ಬೆರಳು. ಕೆಳಗಿನಿಂದ ಹುರಿ ಎಳೆದರೆ ಅವು ಪುಸ್ತಕವನ್ನು ಹಿಡಿಯುತ್ತವೆ. ಮಾವು, ಹುಣಸೆ ಕೆಡಹುವ ನಮ್ಮ ದೋಟಿಗೆ ಬೆರಳು ಮೂಡಿದರೆ ಹೇಗೋ ಹಾಗೆ. ಕುಳಿತುಕೊಳ್ಳುವ ಹಲಗೆಯನ್ನು ಮಡಿಸಿದರೆ ಮೆಟ್ಟಿಲಾಗುವ ಕುರ್ಚಿಯೂ ಆತನಲ್ಲಿತ್ತು. 1787ರ ಜುಲೈಯಲ್ಲಿ ನೋಡಲು ಬಂದ ಪಾದ್ರಿ ಮೆನಾಸ ಕಟ್ಲರನಿಗೆ ಮುದುಕನು ಈ ತೋಳನ್ನೂ, ಪಾದದ ಅಲ್ಪ ಚಲನೆಯಿಂದ ತಲೆಯ ಮೇಲೆ ಗಾಳಿ ಬೀಸುವ ತೂಗುಕುರ್ಚಿಯನ್ನೂ ಹುಡುಗನ ಉತ್ಸಾಹದಿಂದ ತೋರಿಸಿದನು.

ಆ ಬೇಸಗೆಯಲ್ಲಿಯೇ ಅಮೆರಿಕದ ಸಂವಿಧಾನ ಸಭೆ ಕೂಡಿತು. ಎಂಬತ್ತೊಂದರ ಫ್ರಾಂಕ್ಲಿನ್ ಸದಸ್ಯರಲ್ಲಿ ಅತ್ಯಂತ ಹಿರಿಯ. ಫ್ರಾನ್ಸಿನಿಂದ ತಂದ ಮೇನೆಯಲ್ಲಿ ಕುಳಿತು ಸಭೆಗೆ ಬಂದನೆಂದೂ, ನಗರದ ಸೆರೆಮನೆಯ ಕೈದಿಗಳು ಅದನ್ನು ಹೊತ್ತರೆಂದೂ ಹೇಳುತ್ತಾರೆ. ಬಹಳ ಹೊತ್ತು ನಿಲ್ಲಲಾರದ ಆತನ ಭಾಷಣಗಳನ್ನು ಜೇಮ್ಸ್ ವಿಲ್ಸನ್ ಓದಿದನು. ಮುಪ್ಪಿನ ಉಪಕರಣಗಳಲ್ಲಿ ಮರ, ಗಾಜು, ಬೆಳ್ಳಿಗಳಷ್ಟೇ ಇಲ್ಲ. ಇತರರ ಭುಜವೂ ಕೊರಳೂ ಇವೆ. ಈ ಮಾತು ಬಂದಾಗ ಇನ್ನೊಂದನ್ನು ಹೇಳದಿರಲಾಗದು. ಫ್ರಾಂಕ್ಲಿನ್ ದಶಕಗಳ ಕಾಲ ಗುಲಾಮರನ್ನು ಇಟ್ಟುಕೊಂಡಿದ್ದನು. ಆತನ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತುಗಳನ್ನು ಅಚ್ಚು ಮಾಡಿತ್ತು. ದುಡಿಯುವ ಕೈಗಳು ಯಾರವು ಎಂಬ ಪ್ರಶ್ನೆ ಆತನಿಗೆ ತಡವಾಗಿ ಮುಟ್ಟಿತು. 1787ರಲ್ಲಿ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾಗಿ, 1790ರ ಫೆಬ್ರುವರಿಯಲ್ಲಿ ಸಾಯುವ ಹಾಸಿಗೆಯಿಂದಲೇ ಆ ಪದ್ಧತಿಯ ವಿರುದ್ಧ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸಿದನು.

ಕೊನೆಯ ವರ್ಷ ಹಾಸಿಗೆಯಲ್ಲಿ ಕಳೆಯಿತು. ನೋವಿಗೆ ಅಫೀಮಿನ ಔಷಧವೊಂದೇ ಆಸರೆ. ರಾಜನಿಷ್ಠನಾಗಿ ಎದುರು ಪಕ್ಷ ಸೇರಿದ್ದ ಮಗ ವಿಲಿಯಮ್ಮನೊಡನೆ ಮನಸ್ಸು ಕೂಡಲಿಲ್ಲ. ಮಗಳು ಸಾರಾ ಹಗಲಿರುಳು ನೋಡಿಕೊಂಡಳು. ಮೊಮ್ಮಗ ಆತ್ಮಕಥೆಯ ಹಸ್ತಪ್ರತಿಯನ್ನು ನಕಲು ಮಾಡಿಕೊಟ್ಟನು. 1790ರ ಏಪ್ರಿಲ್ 17ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಅಂತ್ಯಯಾತ್ರೆಯಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಸೇರಿದ್ದರು.

ಇಂದು ಎರಡು ಗಾಜಿನ ಕನ್ನಡಕ ಪ್ರತಿ ಊರಿನ ಅಂಗಡಿಯಲ್ಲಿ ಸಿಗುತ್ತದೆ. ಆ ಉದ್ದನೆಯ ತೋಳು ಬಾಗಲಾರದ ರೋಗಿಗಳು ನೆಲದ ವಸ್ತುವನ್ನು ಎತ್ತಿಕೊಳ್ಳುವ ಹಗುರ ಇಕ್ಕುಳವಾಗಿ ಬದುಕಿದೆ. ನಮ್ಮಲ್ಲಿಯೂ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಮೂಲಕ ಬಡ ಹಿರಿಯರಿಗೆ ಊರುಗೋಲು, ಶ್ರವಣಯಂತ್ರ, ಕನ್ನಡಕ, ಕೃತಕ ಹಲ್ಲು, ಗಾಲಿಕುರ್ಚಿಗಳು ದೊರೆತಿವೆ. ಮರೆವಿನ ರೋಗಿ ದಾರಿ ತಪ್ಪಿದರೆ ತಿಳಿಸುವ, ಬಿದ್ದರೆ ಕೂಗುವ ಯಂತ್ರಗಳು ಬಂದಿವೆ. ಇವೆಲ್ಲವೂ ಬರಲಿ, ಎಕಂಬಾದ ಕೊನೆಯ ಮನೆಯವರೆಗೂ ಬರಲಿ. ಆದರೆ ಒಂದೊಂದು ಉಪಕರಣ ಬಂದಾಗಲೂ ಫ್ರಾಂಕ್ಲಿನ್ನನ ಜೀವನದಿಂದ ಮೂರು ಪ್ರಶ್ನೆಗಳನ್ನು ಎರವಲು ಪಡೆದು ಕೇಳಬೇಕು. ಇದನ್ನು ಮಾಡುವಾಗ ನೋವುಳ್ಳವನ ಮಾತು ಬಲ್ಲವರಾರಾದರೂ ಕುಶಲಿಯ ಪಕ್ಕದಲ್ಲಿ ಕುಳಿತಿದ್ದರೇ? ಇದರಿಂದ ಆಗದುದನ್ನು ಆಗದೆಂದು ಯಾರಾದರೂ ಹೇಳಿದರೇ? ಇದನ್ನು ಕಳುಹಿಸಿದವನು ಒಮ್ಮೆಯಾದರೂ ತಾನೇ ಬಂದು ಹಾಸಿಗೆಯ ಬಳಿ ಕುಳಿತನೇ? ಮೊದಲನೆಯದಕ್ಕೂ ಎರಡನೆಯದಕ್ಕೂ ಆತನ ಬಾಳು ಒಳ್ಳೆಯ ಉತ್ತರವನ್ನೇ ಕೊಡುತ್ತದೆ. ಮೂರನೆಯದಕ್ಕೆ ಆತನಲ್ಲಿ ಉತ್ತರವಿರಲಿಲ್ಲ. ಅದನ್ನು ನಾವು ನಮ್ಮ ನಮ್ಮ ಮನೆಗಳಲ್ಲಿ ಕೊಡಬೇಕಾಗಿದೆ.